ಎಡಗೈಯಲ್ಲಿ ಬರೆದ ಹಲಗೆ

ನನ್ನ ಮಗಳು ತನ್ನ ಫೋನಿನಲ್ಲಿ ಹೊಸ ತಾಯಂದಿರ ಒಂದು ಗುಂಪನ್ನು ನೋಡಿಕೊಳ್ಳುತ್ತಾಳೆ. ಮಗು ನಿದ್ದೆ ಮಾಡುತ್ತಿಲ್ಲ, ಊಟ ಬೇಡ ಅನ್ನುತ್ತಿದೆ, ನನಗೇ ಸುಮ್ಮಸುಮ್ಮನೆ ಅಳು ಬರುತ್ತಿದೆ ಎಂದೆಲ್ಲ ಹೆಂಗಸರು ಅಲ್ಲಿ ಬರೆದುಕೊಳ್ಳುತ್ತಾರೆ. ಗೊತ್ತಿದ್ದವರು ಸಮಾಧಾನ ಹೇಳುತ್ತಾರೆ. ನಡುವೆ ಯಾರೋ ಒಬ್ಬರು ಮನಸ್ಸಿಗೆ ಚುಚ್ಚುವ ಹಾಗೆ ಬರೆದುಬಿಡುತ್ತಾರೆ. ಆಗ ಮಗಳು ಅಡುಗೆಮನೆಗೆ ಬಂದು, "ಅಮ್ಮ, ಇದನ್ನ ಅಳಿಸಿಬಿಡ್ಲಾ?" ಎಂದು ಕೇಳುತ್ತಾಳೆ. ಫೋನಿನ ವಿಷಯ ನನಗೆ ಅಷ್ಟಾಗಿ ತಿಳಿಯದು. ಆದರೆ ಅಳಿಸುವುದೋ ಬಿಡುವುದೋ ಎಂಬ ಜಗಳ ನನಗೆ ಹೊಸದಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಮಧುಗಿರಿಯ ಒಂದು ಹೊಲಿಗೆ ಕ್ಲಾಸಿನಲ್ಲಿ, ಕೈಯಲ್ಲಿ ಡಸ್ಟರ್ ಹಿಡಿದುಕೊಂಡೇ ಆ ಜಗಳ ಆಡಿದ್ದೇನೆ.

ಕ್ಲಾಸು ನಡೆಯುತ್ತಿದ್ದುದು ಬೆಟ್ಟದ ಕಡೆಗೆ ಹೋಗುವ ಬೀದಿಯಲ್ಲಿ, ಒಂದು ಹಳೆಯ ಮನೆಯ ಮುಂಗೋಣೆಯಲ್ಲಿ. ಕಾಲಲ್ಲಿ ತುಳಿಯುವ ನಾಲ್ಕು ಮೆಷಿನ್ನು, ಒಂದು ಉದ್ದನೆಯ ಬೆಂಚು, ಗೋಡೆಗೆ ಒಂದು ಕಪ್ಪು ಹಲಗೆ. ಮಧ್ಯಾಹ್ನದ ಹೊತ್ತಿಗೆ ಬೆಟ್ಟದ ಬಂಡೆ ಕಾದು, ಕಿಟಕಿಯಿಂದ ಬರುವ ಗಾಳಿಗೂ ಇಸ್ತ್ರಿಪೆಟ್ಟಿಗೆಯ ಬಿಸಿ ಇರುತ್ತಿತ್ತು. ಗುರುವಾರ ಗುರುವಾರ ಸಿರಾದಿಂದ ಬಸ್ಸಿನಲ್ಲಿ ಬಂದು ಹೇಳಿಕೊಡುತ್ತಿದ್ದ ಟೀಚರನ್ನು ನಾವೆಲ್ಲ ಆಪಾ ಎನ್ನುತ್ತಿದ್ದೆವು. ಅವರು ಮಾತಾಡುವಾಗ ತುಟಿಗಳ ನಡುವೆ ಗುಂಡುಸೂಜಿಗಳಿರುತ್ತಿದ್ದವು. ಅರ್ಧ ಮಾತು ಅರ್ಥವಾಗದಿದ್ದರೂ ಅವರು ಹೇಳಿದ ಹಾಗೇ ನಾವು ಕತ್ತರಿಸುತ್ತಿದ್ದೆವು.

ತುಮಕೂರಿನ ಕಾನ್ವೆಂಟಿನಲ್ಲಿ ಓದಿ ಮದುವೆಯಾಗಿ ಮಧುಗಿರಿಗೆ ಬಂದ ನನ್ನನ್ನು ಅಲ್ಲಿ ಎಲ್ಲರೂ ಕಾನ್ವೆಂಟಮ್ಮ ಎಂದು ಕರೆಯುತ್ತಿದ್ದರು. ಹೆಸರಿಗಿಂತ ಊರು, ಗುರುತುಗಳಿಂದಲೇ ನಾವು ಒಬ್ಬರನ್ನೊಬ್ಬರು ಕೂಗುತ್ತಿದ್ದುದು. ಗಂಡನಿಗೆ ವರ್ಗವಾಗಿ ಬಂದಿದ್ದ, ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ಮುಗಿಸುವ ಪಾವಗಡದಕ್ಕ. ಕುರಿ ಮೇಕೆ ಮೇಯಿಸುವ ಮನೆಯಿಂದ ಬಂದು ಮಗಳ ಮನೆಯಲ್ಲಿದ್ದ, ಮೊಮ್ಮಗಳಿಗೆ ಲಂಗ ಹೊಲಿಯಲು ಕಲಿಯುತ್ತಿದ್ದ ಗೌಡಗೆರೆ ಅಜ್ಜಿ. ಮತ್ತು ಎಲ್ಲರಿಗಿಂತ ಚಿಕ್ಕವಳು, ನಾಲ್ಕು ತಿಂಗಳ ಕೂಸನ್ನು ಎತ್ತಿಕೊಂಡು ಬರುತ್ತಿದ್ದ ಕೊರಟಗೆರೆ ಹುಡುಗಿ. ಅವಳ ಕೂಸಿಗೆ ತೊಲೆಯಿಂದ ಸೀರೆಯ ತೊಟ್ಟಿಲು ಕಟ್ಟಿ, ಅದರ ಹಗ್ಗವನ್ನು ಪಾವಗಡದಕ್ಕನ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸುತ್ತಿದ್ದೆವು. ಅಕ್ಕ ಗುಂಡಿ ಹೊಲಿಯುತ್ತಿದ್ದರೆ ತೊಟ್ಟಿಲು ನಿಧಾನ, ಯಾರನ್ನಾದರೂ ಬೈಯುತ್ತಿದ್ದರೆ ತೊಟ್ಟಿಲು ಜೋರು.

ಹಲಗೆಯ ಬಲಭಾಗದಲ್ಲಿ ಆಪಾ ಬರೆದ ಬ್ಲೌಸಿನ ಚಿತ್ರ ಇರುತ್ತಿತ್ತು. ಎಡಭಾಗ ನಮ್ಮದು. ಅದು ಹೇಗೆ ಶುರುವಾಯಿತೋ ನೆನಪಿಲ್ಲ. ಅತ್ತೆಯಂದಿರೂ ಸೊಸೆಯಂದಿರೂ ಒಂದೇ ಬೆಂಚಿನಲ್ಲಿ ಕೂರುವ ಜಾಗದಲ್ಲಿ ಬಾಯಿಬಿಟ್ಟು ಕೇಳಲಾಗದ್ದನ್ನು ಯಾರೋ ಒಬ್ಬರು ಸೀಮೆಸುಣ್ಣದಲ್ಲಿ ಬರೆದಿಟ್ಟರು. ಗೊತ್ತಿದ್ದವರು ಕೆಳಗೆ ಉತ್ತರ ಬರೆದರು. ಕೈಬರಹ ಗುರುತು ಸಿಗಬಾರದೆಂದು ಎಲ್ಲರೂ ಬರೆಯುತ್ತಿದ್ದುದು ಎಡಗೈಯಲ್ಲಿ. ಹೀಗಾಗಿ ಹಲಗೆಯ ಆ ಭಾಗ ಯಾವಾಗಲೂ ಅಂಗನವಾಡಿಯ ಮಕ್ಕಳು ಬರೆದಂತೆ ಕಾಣುತ್ತಿತ್ತು. ನಮ್ಮಲ್ಲಿ ಒಬ್ಬಳು ಹುಟ್ಟು ಎಡಚಿ. ಅವಳದು ಮಾತ್ರ ಮುತ್ತು ಪೋಣಿಸಿದಂತೆ ಬಂದು ಮೊದಲ ವಾರವೇ ಸಿಕ್ಕಿಬಿದ್ದಳು.

"ಮನೆಯವರ ಗೊರಕೆಗೆ ಏನು ಮಾಡಬೇಕು?" ಎಂದು ಒಮ್ಮೆ ಯಾರೋ ಬರೆದಿದ್ದರು. "ಮಗ್ಗುಲು ಹೊರಳಿಸಿ" ಎಂದು ಒಬ್ಬರು, "ನೀನು ಮೊದಲು ಮಲಗಿಬಿಡು" ಎಂದು ಇನ್ನೊಬ್ಬರು. ಯಾರು ಬರೆದದ್ದೆಂದು ನಿಜಕ್ಕೂ ಗೊತ್ತಾಗುತ್ತಿರಲಿಲ್ಲವೆಂದೇನಲ್ಲ. ನಮ್ಮ ಪೈಕಿ ಕುಕ್ಕರ್ ಇದ್ದದ್ದು ಒಬ್ಬರ ಮನೆಯಲ್ಲಿ. ಆದರೂ ಕುಕ್ಕರಿನ ಪ್ರಶ್ನೆ ಬಂದಾಗ ನಾವೆಲ್ಲ ಸೂರು ನೋಡುತ್ತ, "ಅದ್ಯಾರೋ ಪಾಪ" ಎನ್ನುತ್ತಲೇ ಉತ್ತರ ಹೇಳುತ್ತಿದ್ದೆವು.

ಹಲಗೆಗೆ ಆಪಾ ಹಾಕಿದ್ದ ಕಟ್ಟಳೆ ಒಂದೇ: ಬರೆದ ಕೈಯೇ ಅಳಿಸಬೇಕು. ಅದು ಬಂದದ್ದು ಬ್ಲೌಸಿನ ಚಿತ್ರದ ದೆಸೆಯಿಂದ. ಒಮ್ಮೆ ಯಾರೋ ಅಚ್ಚುಕಟ್ಟಿನವರು, ಎಲ್ಲರೂ ಬರೆದುಕೊಳ್ಳುವ ಮುಂಚೆಯೇ ಹಲಗೆ ಶುಭ್ರಮಾಡಿಬಿಟ್ಟಿದ್ದರು. ಆ ವಾರ ಒಬ್ಬರು ತೋಳಿನ ಅಳತೆಗೆ ಕುತ್ತಿಗೆ ಕತ್ತರಿಸಿಕೊಂಡು ಬಂದರು. ಚಿತ್ರಕ್ಕೆಂದು ಮಾಡಿದ ಕಟ್ಟಳೆ ನಮ್ಮ ಕಷ್ಟಸುಖಕ್ಕೂ ಹಬ್ಬಿಕೊಂಡಿತು. ಆಪಾ ತಾವೇ ಅದನ್ನು ಮುರಿದದ್ದು ನನಗೆ ತಿಳಿದಂತೆ ಒಂದೇ ಸಲ. ಯಾರೋ ಒಬ್ಬ ಹೆಂಗಸಿನ ಹೆಸರು ಹಿಡಿದು, ಅವಳ ಮನೆಯ ವಿಷಯವನ್ನು ಹಲಗೆಯ ಮೇಲೆ ಹಾಕಿದ್ದರು. ಆಪಾ ಒದ್ದೆ ಬಟ್ಟೆ ತಂದು ತಿಕ್ಕಿ, "ಕಷ್ಟ ಹೇಳೋ ಜಾಗ ಇದು. ಹೆಸರು ಕೆಡಿಸೋಕೆ ಬಜಾರ್ ಇದೆ, ಅಲ್ಲಿಗೆ ಹೋಗಿ" ಎಂದಿದ್ದರು.

ಒಂದು ಗುರುವಾರ ಎಡಭಾಗದಲ್ಲಿ ಸೊಟ್ಟ ಅಕ್ಷರದ ಪ್ರಶ್ನೆ ಬಂತು: "ಎದೆಹಾಲು ಸಾಲುತ್ತಿಲ್ಲ. ಡಾಕ್ಟರಮ್ಮ ಡಬ್ಬದ ಹಾಲು ಕೊಡಿ ಅಂದಿದ್ದಾರೆ. ನಾನು ಏನು ಮಾಡಲಿ?"

ನಮ್ಮಲ್ಲಿ ಮೊಲೆಕೂಸು ಇದ್ದವಳು ಒಬ್ಬಳೇ. ಎಲ್ಲರೂ ಸೂರು ನೋಡಿದೆವು. ಕೊರಟಗೆರೆ ಹುಡುಗಿ ಕೂಸಿಗೆ ಬಾಟಲಿ ಹಿಡಿಯುವಾಗ ಗೋಡೆಯ ಕಡೆ ತಿರುಗಿ, ಬಾಟಲಿಯ ಮೇಲೆ ಸೆರಗು ಮುಚ್ಚುವುದನ್ನು ನಾನು ಎಷ್ಟೋ ಸಲ ಕಂಡಿದ್ದೆ. ಎದೆಹಾಲು ಕುಡಿಸುವವರು ಸೆರಗು ಮುಚ್ಚುತ್ತಾರೆ, ಬಾಟಲಿಗೆ ಯಾಕೆ ಸೆರಗು ಎಂದು ಅಂದುಕೊಂಡಿದ್ದೆ.

ಆ ದಿನ ಸಂಜೆಯೊಳಗೆ ಉತ್ತರಗಳು ಹಲಗೆಯ ಅಂಚಿನ ಹತ್ತಿರಕ್ಕೆ ಇಳಿದವು. ಸಬ್ಬಸಿಗೆ ಸೊಪ್ಪು ತಿನ್ನು, ನೀನು ಕಡ್ಡಿಯ ಹಾಗೆ ಇದ್ದೀಯ. ಬೆಳ್ಳುಳ್ಳಿ ತುಪ್ಪದಲ್ಲಿ ಹುರಿದು ತಿನ್ನು. ಗೊರವನಹಳ್ಳಿ ಲಕ್ಷ್ಮಮ್ಮನಿಗೆ ಹರಕೆ ಕಟ್ಟಿಕೋ. ನನಗೆ ಮೂರನೇ ಹೆರಿಗೆವರೆಗೆ ಹಾಲೇ ಬರಲಿಲ್ಲ, ಚಿಂತೆ ಬೇಡ. ನಾನೂ ಎಡಗೈಯಲ್ಲಿ, "ಗಾಬರಿಯಾಗಬೇಡ, ಮನಸ್ಸು ಶಾಂತವಾಗಿದ್ದರೆ ಎಲ್ಲ ಸರಿಹೋಗುತ್ತದೆ" ಎಂದು ಬರೆದು, ಒಳ್ಳೆಯ ಮಾತು ಬರೆದೆನೆಂಬ ತೃಪ್ತಿಯಲ್ಲಿ ಮನೆಗೆ ಹೋದೆ.

ಮುಂದಿನ ಗುರುವಾರ ನಾನು ಹೋದಾಗ ಬಾಗಿಲು ತೆಗೆದಿತ್ತು, ಒಳಗೆ ಯಾರೂ ಇರಲಿಲ್ಲ. ಬೀಗದ ಕೈ ಗೂಡಿನಲ್ಲೇ ಇರುತ್ತಿದ್ದುದರಿಂದ ಯಾರು ಬೇಕಾದರೂ ತೆಗೆಯಬಹುದಿತ್ತು. ಹಲಗೆಯ ಮೇಲೆ, ಎಲ್ಲ ಉತ್ತರಗಳ ಕೆಳಗೆ, ಒಂದು ಹೊಸ ಸಾಲು ಇತ್ತು.

"ಡಬ್ಬದ ಹಾಲು ಕುಡಿಸುವವಳೂ ಒಬ್ಬಳು ತಾಯಿಯಾ?"

ನನ್ನ ಕೈ ತಾನಾಗಿಯೇ ಡಸ್ಟರಿಗೆ ಹೋಯಿತು. ಅಷ್ಟರಲ್ಲಿ ಪಾವಗಡದಕ್ಕ, ಹಿಂದೆಯೇ ಗೌಡಗೆರೆ ಅಜ್ಜಿ, ಇನ್ನೂ ನಾಲ್ಕೈದು ಜನ ಬಂದರು.

"ಅಳಿಸಿಬಿಡ್ತೀನಿ. ಆ ಹುಡುಗಿ ಬರೋ ಮುಂಚೆ ಅಳಿಸಿಬಿಡ್ತೀನಿ" ಎಂದೆ.

"ತಡಿಯಮ್ಮಾ!" ಪಾವಗಡದಕ್ಕ ನನ್ನ ಮಣಿಕಟ್ಟು ಹಿಡಿದರು. "ಇವತ್ತು ಇದನ್ನ ಅಳಿಸ್ತೀಯ. ನಾಳೆ ನಾನು ನಮ್ಮತ್ತೆ ಮೇಲೆ ಬರೆದ್ರೆ ಅದನ್ನೂ ಅಳಿಸ್ತೀಯ. ಆಮೇಲೆ ಏಮುಂಟುಂದಿ ಹಲಗೇಲಿ? ಬರೀ ಸಬ್ಬಸಿಗೆ ಸೊಪ್ಪು!"

"ಅಕ್ಕ, ಆ ಹುಡುಗಿ ಇದನ್ನ ಓದಿದ್ರೆ ಮತ್ತೆ ಈ ಕಡೆ ತಲೆ ಹಾಕ್ತಾಳಾ?"

"ಅಳಿಸಿದ್ರೆ ಬರೆದೋಳು ಬೀದೀಲಿ ನಿಂತು ಹೇಳ್ತಾಳೆ. ಅಲ್ಲಿ ಡಸ್ಟರ್ ಎಲ್ಲಿಂದ ತರ್ತೀಯ?"

ಅಜ್ಜಿ ಬೆಂಚಿನ ಮೇಲೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದರು. ಒಬ್ಬಳು ಮೆಲ್ಲಗೆ ಅವರ ಕಡೆ ನೋಡಿದಳು. ಅದನ್ನು ಕಂಡು ಇನ್ನೊಬ್ಬಳು ನೋಡಿದಳು. ಅಜ್ಜಿಯ ನಾಲಿಗೆ ಸ್ವಲ್ಪ ಖಾರ, ಮೇಲಾಗಿ ಅವರು ಅಕ್ಷರ ಕಲಿತದ್ದು ಅದೇ ವರ್ಷ. ಅವರ ಬಲಗೈ ಬರಹವೂ ನಮ್ಮ ಎಡಗೈಯದರ ಹಾಗೇ ಇರುತ್ತಿತ್ತು.

"ಏನ್ರಮ್ಮಾ, ಎಲ್ರೂ ನನ್ನ ಮಕ ನೋಡ್ತೀರಾ?" ಎಂದರು ಅಜ್ಜಿ ದಾರ ಕಚ್ಚುತ್ತ. "ನಾನು ಬಯ್ಯಂಗಿದ್ರೆ ಬಾಯಿ ಐತೆ. ಸೀಮೆಸುಣ್ಣ ಯಾಕೆ ಸವೆಸ್ಲಿ?"

ಮಾತು ಅಲ್ಲಿಗೆ ಬರುವಷ್ಟರಲ್ಲಿ ಬಾಗಿಲಲ್ಲಿ ಹುಡುಗಿಯ ನೆರಳು ಬಿತ್ತು. ಸೊಂಟದಲ್ಲಿ ಕೂಸು, ಕೈಚೀಲದಲ್ಲಿ ಅಂಗಡಿಯಿಂದ ತಂದ ಹೊಸ ಡಬ್ಬ. ಪಾವಗಡದಕ್ಕ ತಟ್ಟನೆ ಹಲಗೆಗೆ ಬೆನ್ನು ಹಚ್ಚಿ ನಿಂತು, ಸೆರಗನ್ನು ಎರಡೂ ಕೈಯಲ್ಲಿ ಅಗಲವಾಗಿ ಹಿಡಿದರು.

"ಯಾಕಕ್ಕ ಅಲ್ಲಿ ನಿಂತಿದ್ದೀರ?" ಎಂದಳು ಹುಡುಗಿ.

"ಬೆನ್ನು ನೋವು ಕಣಮ್ಮ. ಗೋಡೆ ತಂಪಾಗಿದೆ."

ಕಾದ ಹೆಂಚಿನಂಥ ಆ ಗೋಡೆಯನ್ನು ತಂಪು ಎಂದದ್ದು ಕೇಳಿ ಯಾರೋ ಕೆಮ್ಮಿದರು. ಹುಡುಗಿ ಕೂಸನ್ನು ತೊಟ್ಟಿಲಿಗೆ ಹಾಕಿ ತನ್ನ ಮೆಷಿನ್ನಿನ ಮುಂದೆ ಕೂತಳು. ಆದರೆ ಬಟ್ಟೆ ತೆಗೆಯಲಿಲ್ಲ. ನಮ್ಮ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಅವಳು ಯಾವ ಹೊತ್ತಿಗಾದರೂ ಎದ್ದು ಹೋಗಿಬಿಡುತ್ತಾಳೆ, ಹೋದರೆ ಮತ್ತೆ ಬರುವುದಿಲ್ಲ ಎಂದು ನನಗೆ ಅನ್ನಿಸುತ್ತಿತ್ತು.

ಸಿರಾ ಬಸ್ಸು ತಡವಾಗಿ, ಬೆವರು ಒರೆಸಿಕೊಳ್ಳುತ್ತ ಆಪಾ ಬಂದು, ಗುಂಡುಸೂಜಿಗಳನ್ನು ತುಟಿಗೆ ಸಿಕ್ಕಿಸಿಕೊಂಡು ತಿರುಗಿದರು. "ಅರೇ, ನೀನೇನು ಅಲ್ಲಿ ಒಣಗೋಕೆ ಹಾಕಿದ ಬೆಡ್‌ಶೀಟ್ ಥರ ನಿಂತಿದ್ದೀಯ? ಸರಿ ಆಚೆ" ಎಂದು ಪಾವಗಡದಕ್ಕನನ್ನು ಪಕ್ಕಕ್ಕೆ ತಳ್ಳಿದರು. ಹಲಗೆ ಓದಿದರು. ತುಟಿಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲೆ ಇಟ್ಟರು. ಆಗ ನಮಗೆ ಭಯವಾಯಿತು.

"ಯಾರು ಬರೆದ್ರಿ ಅಂತ ನಾನು ಕೇಳಲ್ಲ" ಎಂದರು. "ಬರೆದ ಕೈಯೇ ಅಳಿಸ್ಬೇಕು. ಆದ್ರೆ ಎಲ್ಲರ ಮುಂದೆ ಎದ್ದು ಅಳಿಸೋಕೆ ಯಾರಿಗೂ ಧೈರ್ಯ ಬರಲ್ಲ. ಎಲ್ಲರೂ ಹಿತ್ತಲಿಗೆ ನಡೀರಿ. ಹುರಿದ ಕಡ್ಲೇಕಾಯಿ ತಂದಿದ್ದೀನಿ, ತಿನ್ನೋಣ. ಒಬ್ಬೊಬ್ಬರೇ ಒಳಗೆ ಬಂದು ನೀರು ಕುಡಿದು ಹೋಗಿ. ಯಾರು ಒಳಗೆ ಏನು ಮಾಡಿದ್ರು ಅಂತ ಯಾರೂ ನೋಡೋ ಹಾಗಿಲ್ಲ. ಸಮಝೇ?"

ಹಿತ್ತಲಿನ ಹೊಂಗೆಮರದ ಕೆಳಗೆ ಕೂತು ನಾವು ಕಡ್ಲೇಕಾಯಿ ಸುಲಿದೆವು. ಅಷ್ಟು ಮೌನವಾಗಿ ಹೆಂಗಸರು ಕಡ್ಲೇಕಾಯಿ ತಿಂದದ್ದನ್ನು ಆ ಮರ ಹಿಂದೆ ಕಂಡಿರಲಾರದು. ಒಬ್ಬೊಬ್ಬರೇ ಎದ್ದು ಒಳಗೆ ಹೋಗಿ, ನೀರು ಕುಡಿದ ಗುರುತಿಗೆ ಬಾಯಿ ಒರೆಸಿಕೊಳ್ಳುತ್ತ ಬಂದರು. ನನ್ನ ಸರದಿಯೂ ಬಂತು. ಕೊರಟಗೆರೆ ಹುಡುಗಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಲ್ಲಿಂದ ಏಳಲಿಲ್ಲ. ಬಾಯಾರಿಕೆ ಇಲ್ಲ ಎಂದಳು.

ಕೊನೆಗೆ ಎಲ್ಲರೂ ಒಟ್ಟಾಗಿ ಒಳಗೆ ಬಂದು ಕೂತೆವು.

ಆ ಚುಚ್ಚುವ ಸಾಲು ಇದ್ದಲ್ಲೇ ಇತ್ತು. ಅಳಿಸಿಹೋಗಿದ್ದವು ಬೇರೆ ಮೂರು ಸಾಲುಗಳು.

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಹುಟ್ಟು ಎಡಚಿಯಾದವಳು ತಲೆ ತಗ್ಗಿಸಿಕೊಂಡು, "ಸಬ್ಬಸಿಗೆ ಸೊಪ್ಪು ನಂದು. ಅದ್ರಲ್ಲಿ ನೀನು ಕಡ್ಡಿ ಹಾಗೆ ಇದ್ದೀಯ ಅಂತ ಬರೆದಿದ್ದೆ. ಬೇಜಾರಾಗಿರುತ್ತೇನೋ ಅಂತ ಅಳಿಸಿದೆ" ಎಂದಳು.

"ಮೂರನೇ ಹೆರಿಗೆದು ನಂದು" ಎಂದರು ಪಾವಗಡದಕ್ಕ. "ಪಾಪಂ, ಇನ್ನೂ ಎರಡು ಹೆರ್ಬೇಕಾ ಅಂತ ಹುಡುಗಿ ಹೆದರಿರ್ತಾಳೆ ಅಂದ್ಕೊಂಡೆ."

ಮೂರನೆಯದು ನನ್ನದು. ಹಾಲಿಲ್ಲದೆ ಕೂಸು ಅಳುತ್ತಿರುವಾಗ, ಮನಸ್ಸು ಶಾಂತವಾಗಿಟ್ಟುಕೋ ಎಂದು ಯಾರಾದರೂ ನನಗೆ ಹೇಳಿದ್ದರೆ ನಾನು ಲೋಟ ಎತ್ತಿ ಎಸೆಯುತ್ತಿದ್ದೆ ಎಂದು ಹಲಗೆಯ ಮುಂದೆ ಒಬ್ಬಳೇ ನಿಂತಾಗ ನನಗೆ ಹೊಳೆದಿತ್ತು. ಅದನ್ನೇ ಹೇಳಿದೆ.

"ಚೆನ್ನಾಗಿ ಅಳಿಸಿದ್ರಿ ಕಣ್ರಮ್ಮಾ!" ಎಂದರು ಗೌಡಗೆರೆ ಅಜ್ಜಿ. "ಒಳ್ಳೆ ಮಾತೆಲ್ಲ ಒರೆಸ್ಬುಟ್ಟು ಕೆಟ್ಟದ್ದ ಮಾತ್ರ ಮಡೀಕಂಡಿದ್ದೀರ. ಬಿತ್ತೋ ಕಾಳ ತಿಂದು ಜೊಳ್ಳ ಎತ್ತಿಟ್ಟಂಗೆ!"

ಆಗ ನಕ್ಕದ್ದು ಕೊರಟಗೆರೆ ಹುಡುಗಿ. ನಮ್ಮ ಯಾರಿಗೂ ಅವಳ ನಗು ಗೊತ್ತಿರಲಿಲ್ಲ. ಅಷ್ಟು ಸಣ್ಣ ಮೈಯಿಂದ ಅಷ್ಟು ದೊಡ್ಡ ನಗು ಬಂದದ್ದಕ್ಕೆ ತೊಡೆಯ ಮೇಲಿದ್ದ ಕೂಸು ಬೆಚ್ಚಿ ಕಣ್ಣು ಬಿಟ್ಟಿತು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು, ಆ ನೀರು ನಿಲ್ಲದೆ ಹೋದಾಗ ನಾವು ನಗುವುದನ್ನು ನಿಲ್ಲಿಸಿದೆವು.

"ಅದನ್ನ ಬರೆದಿದ್ದು ನಾನೇ ಆಪಾ" ಎಂದಳು.

"ಯಾವುದನ್ನ?"

"ಆ ಕಡೇ ಸಾಲು. ಬೆಳಿಗ್ಗೆನೇ ಬಂದು ಬರೆದಿಟ್ಟು ಅಂಗಡಿಗೆ ಹೋದೆ. ಮನೇಲಿ ನಮ್ಮತ್ತೆ ದಿನಾ ಅನ್ನೋ ಮಾತು ಅದು. ಬಾಟ್ಲಿ ತೊಳೆಯೋವಾಗ ಒಂದ್ಸಲ, ಕುಡಿಸೋವಾಗ ಒಂದ್ಸಲ. ಬಾಯಲ್ಲಿ ಹೇಳಿದ್ರೆ ಅತ್ತೆ ಮೇಲೆ ದೂರು ಹೇಳಿದಂಗಾಗುತ್ತೆ ಅಂತ ಹಲಗೇಲಿ ಬರೆದೆ. ನೀವೆಲ್ಲ ಅದಕ್ಕೆ ಏನಂತೀರ ನೋಡ್ಬೇಕಿತ್ತು." ಅವಳು ಮೂಗು ಒರೆಸಿಕೊಂಡಳು. "ಬಂದು ನೋಡಿದ್ರೆ ಅಕ್ಕ ಮುಚ್ಚಿಕೊಂಡು ನಿಂತಿದ್ರು. ನೀವ್ಯಾರೂ ಮಾತಾಡ್ತಿರಲಿಲ್ಲ. ಇವರಿಗೂ ಅದೇ ನಿಜ ಅನ್ನಿಸಿರ್ಬೇಕು, ಅದಕ್ಕೇ ಮುಚ್ಚಿಡ್ತಾವ್ರೆ ಅಂದ್ಕೊಂಡೆ."

ಒಳಗೆ ಬಂದಾಗ ನಾನು ಮತ್ತೆ ಡಸ್ಟರ್ ಎತ್ತಿಕೊಂಡಿದ್ದೆ. ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅವಳು ಬರುವ ಮುಂಚೆ ಅದನ್ನು ಅಳಿಸಿದ್ದರೆ ಅವಳು ಬರಿದಾದ ಜಾಗ ನೋಡಿ, ಸುಮ್ಮನೆ ಹೊಲಿಗೆ ಮಾಡಿ, ಮನೆಗೆ ಹೋಗಿ, ಅದೇ ಮಾತು ಕೇಳಿಸಿಕೊಳ್ಳುತ್ತ ಬಾಟಲಿ ತೊಳೆಯುತ್ತಿದ್ದಳು. ಅವಳ ಪ್ರಶ್ನೆ ಹಾಲಿನದಾಗಿರಲೇ ಇಲ್ಲ. ನಾವು ಒಂದು ಹಲಗೆ ತುಂಬ ಬೆಳ್ಳುಳ್ಳಿ, ಸೊಪ್ಪು, ಹರಕೆ ಬರೆದಿದ್ದೆವು.

ಅಜ್ಜಿ ಎದ್ದರು. ಸೂಜಿಯನ್ನು ರವಿಕೆಯ ತೋಳಿಗೆ ಚುಚ್ಚಿಕೊಂಡು ಹುಡುಗಿಯ ಎದುರು ಬಂದು ಕುಕ್ಕರಗಾಲಲ್ಲಿ ಕೂತರು.

"ಇಲ್ನೋಡು ಮಗಾ. ನನ್ನ ದೊಡ್ಡ ಮಗ ಹುಟ್ಟಿದಾಗ ನಂಗೆ ಜ್ವರ ಬಂದು ಹಾಲು ಬತ್ತೋಯ್ತು. ಹಟ್ಟೀಲಿ ಡಬ್ಬ ಎಲ್ಲಿತ್ತು? ನಮ್ಮ ಕರಿ ಮೇಕೆ ಹಾಲು ಕಾಸಿ, ನೀರು ಬೆರೆಸಿ, ಮೂತಿ ಇರೋ ಒಳ್ಳೇಲಿ ಬಾಯಿಗೆ ಹುಯ್ದು ಬೆಳೆಸ್ದೆ. ಈಗ ಅವ್ನು ಬಸ್ಸಲ್ಲಿ ಕಂಡಕ್ಟ್ರು. ಸಿರಾ ಸ್ಟ್ಯಾಂಡಲ್ಲಿ ಕೂಗಿದ್ರೆ ಪಾವಗಡಕ್ಕೆ ಕೇಳ್ತದೆ. ಅವ್ನು ಮನೆಗೆ ಬಂದು ಅವ್ವಾ ಅಂತ ಕೂಗಿದ್ರೆ ಓಗೊಡಾದು ನಾನಾ, ಮೇಕೆಯಾ?"

ಪಾವಗಡದಕ್ಕ ನಕ್ಕ ರಭಸಕ್ಕೆ, ಅಭ್ಯಾಸದಂತೆ ಹೆಬ್ಬೆರಳಿಗೆ ಸಿಕ್ಕಿಸಿಕೊಂಡಿದ್ದ ಹಗ್ಗ ಎಳೆದು ಖಾಲಿ ತೊಟ್ಟಿಲು ಗೋಡೆಗೆ ಬಡಿಯಿತು. ಆಪಾ ಕಣ್ಣು ಒರೆಸಿಕೊಳ್ಳುತ್ತ, "ಅಜ್ಜೀ, ಇದನ್ನ ಹಲಗೇಲಿ ಬರೀರಿ" ಎಂದರು. "ಅಷ್ಟುದ್ದ ನಂಗೆ ಬರಿಯಕ್ಕೆ ಬರಕಿಲ್ಲ, ಕಾನ್ವೆಂಟಮ್ಮ ಬರೀಲಿ" ಎಂದರು ಅಜ್ಜಿ. ನಾನು ಬಲಗೈಯಲ್ಲಿ, ನನ್ನದೇ ದುಂಡು ಅಕ್ಷರದಲ್ಲಿ, ಮೂರು ಸಾಲು ಅಳಿಸಿದ ಜಾಗದಲ್ಲಿ ಅದನ್ನು ಬರೆದೆ. ಆಮೇಲೆ ಒಬ್ಬೊಬ್ಬರೂ ಬಂದು, ಯಾವ ಮುಚ್ಚುಮರೆಯೂ ಇಲ್ಲದೆ, ತಮ್ಮ ತಮ್ಮ ಮನೆಯ ಕತೆ ಸೇರಿಸಿದರು. ಅತ್ತಿಗೆಯ ಹಾಲು ಕುಡಿದು ಬೆಳೆದವರು, ಹಸುವಿನ ಹಾಲಿನವರು, ಅಜ್ಜಿಯ ಕೈಯ ರಾಗಿ ಸರಿಯವರು. ಆ ದಿನ ಆಪಾ ಕಲಿಸಬೇಕಾಗಿದ್ದ ತೋಳಿನ ಚಿತ್ರಕ್ಕೆ ಹಲಗೆಯಲ್ಲಿ ಜಾಗವೇ ಉಳಿಯಲಿಲ್ಲ.

ಇದನ್ನು ಮಗಳಿಗೆ ಹೇಳಿದಾಗ, "ಹಾಗಾದ್ರೆ ಯಾವುದನ್ನೂ ಅಳಿಸಬಾರದು ಅಂತೀಯಾ?" ಎಂದಳು. ಹಾಗೇನೂ ಇಲ್ಲ. ಆಪಾ ಒದ್ದೆ ಬಟ್ಟೆ ತಂದ ದಿನವೂ ನನಗೆ ನೆನಪಿದೆ. ಒಬ್ಬಳ ಮೇಲೆ ಕೆಸರು ಎರಚುವುದನ್ನು ನಾನು ಈಗಲೂ ಒಂದು ಕ್ಷಣ ಉಳಿಸುವುದಿಲ್ಲ. ಆದರೆ ಉಳಿದವಕ್ಕೆ, ಅಳಿಸುವ ಮುಂಚೆ ಯಾರಿಗೆ ನೋವಾಯಿತೋ ಅವಳನ್ನೇ ಒಂದು ಮಾತು ಕೇಳು ಎನ್ನುತ್ತೇನೆ. ಅಳಿಸಲೇಬೇಕೆಂದರೆ ಉತ್ತರ ಕೊಟ್ಟು ಅಳಿಸು. ನಾವು ಅವಳ ಪರವಾಗಿ ಗಾಬರಿಯಾಗುವುದರಲ್ಲಿ ಅವಳ ಮಾತೇ ನಮಗೆ ಕೇಳಿಸದೆ ಹೋಗಬಾರದು. ಮಗಳು "ಹೂಂ" ಅನ್ನುತ್ತಾಳೆ. ಅಮ್ಮನ ಹೊಲಿಗೆ ಕ್ಲಾಸಿನಲ್ಲಿ ಇದ್ದವರು ಹತ್ತು ಜನ, ತನ್ನ ಗುಂಪಿನಲ್ಲಿರುವವರು ಸಾವಿರ ಜನ ಎಂದು ಅವಳ ಮನಸ್ಸಿನಲ್ಲಿರುವುದು ನನಗೆ ಕಾಣುತ್ತದೆ. ಅದೂ ನಿಜವೇ.

ಮುಂದಿನ ಗುರುವಾರ ಕೊರಟಗೆರೆ ಹುಡುಗಿ ಬರುತ್ತಾಳೋ ಇಲ್ಲವೋ ಎಂದು ನಾನು ಬಾಗಿಲನ್ನೇ ನೋಡುತ್ತಿದ್ದೆ. ಅವಳು ಬಂದಳು. ಹಿಂದೆಯೇ, ಕೂಸನ್ನು ಎತ್ತಿಕೊಂಡು, ಹಣೆಯಗಲ ಕುಂಕುಮದ ಒಬ್ಬರು ಬಂದರು. ಹುಡುಗಿ ಮನೆಯಲ್ಲಿ ಮೇಕೆಯ ಕತೆಯನ್ನು ಹೇಳಿಬಿಟ್ಟಿದ್ದಳು.

"ಯಾರಮ್ಮಾ ಅದು, ನನ್ನ ಸೊಸೆಗೆ ಮೇಕೆ ಕತೆ ಹೇಳ್ಕೊಟ್ಟೋರು?" ಎಂದರು ಆಕೆ ಹೊಸಿಲಲ್ಲೇ ನಿಂತು.

"ನಾನೇ. ಯಾಕೆ, ಮೇಕೆ ಬೇಕಾಗಿತ್ತಾ?" ಎಂದರು ಗೌಡಗೆರೆ ಅಜ್ಜಿ.

"ನಾನು ಹೆತ್ತ ಮಕ್ಕಳಿಗೆಲ್ಲ ಎದೆಹಾಲೇ ಕುಡ್ಸಿದ್ದೀನಿ."

"ಕುಡ್ಸಿದ್ದೀಯ ಕಣಮ್ಮ, ಯಾರು ಇಲ್ಲ ಅಂದೋರು? ಬಾಣಂತ್ನದಲ್ಲಿ ನಿಂಗೆ ಯಾರಾನಾ ದಿನಾ ಅಂಗೆ ಅಂದಿದ್ರೆ ಬರ್ತಿತ್ತಾ ಹಾಲು?"

ಆಕೆ ಹೊಸಿಲು ದಾಟಿ ಒಳಗೆ ಬಂದರು. ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು. ಕೂಸನ್ನು ತೊಡೆಯ ಮೇಲೆ ಸರಿಮಾಡಿಕೊಳ್ಳುತ್ತ, ಯಾರಿಗೂ ಅಲ್ಲ ಎನ್ನುವ ಹಾಗೆ, "ನಮ್ಮತ್ತೇನೂ ಏನು ಕಮ್ಮಿ ಅಂದಿಲ್ಲ ನಂಗೆ" ಎಂದರು. ಅಜ್ಜಿ ತಮ್ಮ ಎಲೆಯಡಿಕೆಯ ಚೀಲವನ್ನು ಬೆಂಚಿನ ಮೇಲೆ ಆಕೆಯ ಕಡೆಗೆ ತಳ್ಳಿದರು. ಆಮೇಲೆ ಇಬ್ಬರೂ ತಂತಮ್ಮ ಅತ್ತೆಯಂದಿರನ್ನು ಬೈಯಲು ಶುರುಮಾಡಿದರು, ನಮಗೆ ನಿಶ್ಚಿಂತೆಯಾಯಿತು.

ನಡುವೆ ಕೂಸು ಅಳತೊಡಗಿತು. ಹುಡುಗಿ ತೋಳು ಕೂಡಿಸುತ್ತಿದ್ದಳು, ಎರಡು ಕೈಯೂ ಬಟ್ಟೆಯ ಮೇಲಿತ್ತು. ಏಳಹೊರಟವಳನ್ನು ಅತ್ತೆ ತಡೆದರು. "ಹೊಲಿ ನೀನು. ನಡುವೆ ಬಿಟ್ರೆ ತೋಳು ಸೊಟ್ಟ ಆಯ್ತದೆ." ಚೀಲದಿಂದ ಬಾಟಲಿ ತೆಗೆದು, ಒಂದು ಹನಿಯನ್ನು ಮಣಿಕಟ್ಟಿನ ಮೇಲೆ ಬಿಟ್ಟುಕೊಂಡು ನೋಡಿದರು. ಮುಖ ಗಂಟಿಕ್ಕಿದರು.

"ಯಾರೇ ಇದನ್ನ ಬೆರೆಸಿದ್ದು, ಇಷ್ಟು ನೀರಾಗಿ?"

ಹುಡುಗಿ ಮೆಷಿನ್ನಿನಿಂದ ತಲೆ ಎತ್ತದೆ, "ನೀವೇ ಅತ್ತೆ, ಹೊರಡೋ ಮುಂಚೆ" ಎಂದಳು.

"ಹಂಗಾದ್ರೆ ಸರಿಯಾಗೇ ಐತೆ" ಎಂದು ಆಕೆ ಕೂಸಿನ ಬಾಯಿಗೆ ಬಾಟಲಿ ಇಟ್ಟರು.